ದೊಡ್ಡ ಸ್ವಿಚ್ಚು

“ಲಿಮಿಟ್ಟು ಇಟ್ಟಿರೋದು ಕಾಟ ಕೊಡೋಕಲ್ಲ ಕಣೋ, ಕಾಯೋಕೆ” ಎಂದು ಗಿಡ್ಡ ಹೇಳಿದ್ದು ಒಂದು ಪ್ರೋಗ್ರಾಮಿನ ಬಗ್ಗೆ, ಪರದೆಯನ್ನು ನೋಡಿಕೊಂಡು, ಅದೂ ಬಾಯಿತುಂಬ ಬಿಸ್ಕತ್ತು ಇಟ್ಟುಕೊಂಡು. ಕೇಳಿದವನು ಅದನ್ನು ನೋಡಿಕೊಳ್ಳುತ್ತಿದ್ದ, ಪಕ್ಕದ ಕುರ್ಚಿಯ ಸಹೋದ್ಯೋಗಿ. ಕಚೇರಿಯ ಅಂಕಿ ಅಂಶಗಳನ್ನೆಲ್ಲ ಒಟ್ಟುಗೂಡಿಸುವ ಆ ಪ್ರೋಗ್ರಾಮು ಇತ್ತೀಚೆಗೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು; ಇಷ್ಟು ಹೊತ್ತಿಗಿಂತ ಹೆಚ್ಚು ಹಿಡಿದರೆ ನಿಲ್ಲು ಎಂದು ಹಿಂದೆ ಯಾರೋ ಪುಣ್ಯಾತ್ಮರು ಅದಕ್ಕೊಂದು ಮಿತಿ ಇಟ್ಟಿದ್ದರು. ಇವನು ಮಿತಿಯನ್ನು ಏರಿಸಿದ್ದ. ಮತ್ತೆ ನಿಂತಾಗ ಮತ್ತೆ ಏರಿಸಿದ್ದ. ಏರಿಸಿ ಏರಿಸಿ ಮಿತಿಗೂ ಸ್ವರ್ಗಕ್ಕೂ ಮೂರೇ ಗೇಣು ಉಳಿದಿರುವಾಗ, ಈ ಬೆಳಿಗ್ಗೆ, ಪ್ರೋಗ್ರಾಮು ನಿಲ್ಲದೆ ಓಡಿ, ಯಂತ್ರದ ಉಸಿರನ್ನೆಲ್ಲ ಕುಡಿದು, ತಾನೂ ಬಿದ್ದು ಅಕ್ಕಪಕ್ಕದವನ್ನೂ ಬೀಳಿಸಿತ್ತು. ಯಾರೂ ಬೈಯಲಿಲ್ಲ. ಗಿಡ್ಡ ಆ ಒಂದು ಮಾತು ಹೇಳಿ ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಇದನ್ನು ಅರಿತವನಂತೆ ತಲೆದೂಗುತ್ತಿದ್ದ ಇವನಿಗೆ ಪರದೆಯ ಬದಲು ಒಂದು ಗೋಡೆ ಕಂಡಿತು. ಗೋಡೆಯಲ್ಲೊಂದು ಬೋರ್ಡು, ಬೋರ್ಡಿನಲ್ಲೊಂದು ಸ್ವಿಚ್ಚು. ತಾನು ಒಮ್ಮೆಯೂ ಒಳಗೆ ಕಾಲಿಡದ ಮನೆಯ ಗೋಡೆ ಅದು.

ಇವನನ್ನು ಎಲ್ಲರೂ ರಾಮಬಾಣ ಎನ್ನುತ್ತಿದ್ದರು. ಅವಸರದಲ್ಲಿ ಬರೀ ಬಾಣ. ಹೆಸರಿಟ್ಟವನು ಗಿಡ್ಡ. ಗಿಡ್ಡ ಎಂದರೆ ಯಾವ ಬಾಗಿಲು ದಾಟುವಾಗಲೂ ತಲೆ ತಗ್ಗಿಸಬೇಕಾದ ತೆಂಗಿನಮರ. ಆ ಕಚೇರಿಯಲ್ಲಿ ಅಡ್ಡಹೆಸರುಗಳು ಹುಟ್ಟುತ್ತಿದ್ದ ಕ್ರಮವೇ ಅದು. ಈ ಕ್ರಮವನ್ನು ತನ್ನ ಹೆಸರಿಗೂ ಹಚ್ಚಿ ನೋಡುವ ಪ್ರಮೇಯ ಬಾಣನಿಗೆ ಬಂದಿರಲಿಲ್ಲ. ಕಾಫಿ ಯಂತ್ರದ ಪಕ್ಕದ ಎತ್ತರದ ಮೇಜೇ ಅವನ ಸಿಂಹಾಸನ. ಆ ಮೇಜಿನ ಮೇಲೆ ಕರಗದ ಸಮಸ್ಯೆ ಭೂಮಂಡಲದಲ್ಲಿ ಇನ್ನೂ ಹುಟ್ಟಬೇಕಿತ್ತು. ಕೋಡು ಬರೆಯಲು ಯಾವ ಎಡಿಟರು ಒಳ್ಳೆಯದು, ಬರೆದುಕೊಡುವ ಯಂತ್ರವನ್ನು ಹೊಗಳಿ ಕೇಳಬೇಕೋ ಗದರಿಸಿ ಕೇಳಬೇಕೋ, ಕತ್ತು ಹಿಡಿದುಕೊಂಡರೆ ಯಾವ ಕಡೆ ಹೊರಳಿಸಬೇಕು, ಗೋಡೆಯ ತೂತನ್ನು ಯಾವುದರಿಂದ ಮುಚ್ಚಬೇಕು: ಪ್ರಶ್ನೆ ಬಾಯಿಂದ ಹೊರಬೀಳುವಷ್ಟರಲ್ಲಿ ಉತ್ತರ ಬಂದು ಕಾಯುತ್ತ ನಿಂತಿರುತ್ತಿತ್ತು.

“ಬಾಣ, ಈ ಎಡಿಟರು ತೆರೆಯೋಕೇ ಅರ್ಧ ಯುಗ ತಗೊಳುತ್ತಲ್ಲೋ.”

“ಬೇಡದ್ದೆಲ್ಲ ತುಂಬ್ಕೊಂಡಿದೀಯ. ಅರ್ಧ ಕಿತ್ತುಹಾಕು. ಉಳಿದಿದ್ರಲ್ಲಿ ಇನ್ನರ್ಧ ಕಿತ್ತುಹಾಕು.”

“ಸೊಂಟ ನೋವಿಗೆ?”

“ಕುರ್ಚಿ ಬಿಸಾಕು. ನಿಂತ್ಕೊಂಡು ಕೆಲಸ ಮಾಡು.”

“ನೀನು ಮಾತ್ರ ಕೂತೇ ಇರ್ತೀಯಲ್ಲ?”

“ನಂಗೆ ಸೊಂಟ ನೋವಿಲ್ಲ ಕಣೋ.”

ಇಷ್ಟಕ್ಕೂ ಅವನು ಹೇಳುತ್ತಿದ್ದುದರಲ್ಲಿ ಒಂದನ್ನೂ ಮಾಡಿ ನೋಡಿದವನಲ್ಲ. ಅರ್ಧ ನೋಡಿ ಬಿಟ್ಟ ವೀಡಿಯೊ, ತಲೆಬರಹ ಮಾತ್ರ ಓದಿದ ಲೇಖನ, ಲಿಫ್ಟಿನಲ್ಲಿ ಕಿವಿಗೆ ಬಿದ್ದ ಮಾತು, ಇವೆಲ್ಲ ಅವನೊಳಗೆ ಹೋಗಿ ಒಂದು ರಾತ್ರಿ ನೆನೆದು ಮರುದಿನ ಅನುಭವವಾಗಿ ಹೊರಬರುತ್ತಿದ್ದವು. ಅದು ಸುಳ್ಳು ಎಂದು ಅವನಿಗೆ ಅನ್ನಿಸುತ್ತಿರಲಿಲ್ಲ. ಹೇಳುವಾಗ ಕೈಗಳು ಸ್ಪ್ಯಾನರು ಹಿಡಿದ ಹಾಗೆ ತಾವಾಗಿಯೇ ತಿರುಗುತ್ತಿದ್ದವು. ತಿರುಗುವ ಕೈಯನ್ನು ಅನುಮಾನಿಸುವುದು ಹೇಗೆ? ಅದೇ ಮೇಜಿನಲ್ಲಿ, ಹೋದ ವಾರ, ಟೆಸ್ಟರಮ್ಮ ತನ್ನ ಮನೆಯ ಗೀಸರಿನ ಮಾತು ತೆಗೆದಿದ್ದಳು. ಉಳಿದವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಹಾಲು ಬೆಳ್ಳಗಿದೆ ಎಂದರೂ ಎರಡು ಬೆಳಕಿನಲ್ಲಿ ಹಿಡಿದು ನೋಡುವವಳು.

“ಅಮ್ಮ ಸ್ನಾನಕ್ಕೆ ನಿಂತ ತಕ್ಷಣ ಎಂಸಿಬಿ ಬೀಳುತ್ತೆ ಬಾಣ ಸರ್, ಅದೇ, ಕರೆಂಟು ಹೆಚ್ಚಾದ್ರೆ ತಾನೇ ಬೀಳೋ ಸ್ವಿಚ್ಚು. ಮೈಗೆಲ್ಲ ಸೋಪು ಹಚ್ಕೊಂಡು ಕೂಗ್ತಾರೆ, ನಾನು ಹೋಗಿ ಸ್ವಿಚ್ಚು ಎತ್ತಬೇಕು.”

“ಎಷ್ಟು ಆಂಪಿಯರಿಂದು ಹಾಕಿದಾರೆ?”

“ಅದೆಲ್ಲ ಯಾರಿಗೆ ಗೊತ್ತು? ಚಿಕ್ಕದು.”

“ಅದೇ ಮತ್ತೆ! ದೊಡ್ಡದು ಹಾಕ್ಸಿ. ಡಬಲ್ಲು. ನಮ್ಮ ಪ್ರೋಗ್ರಾಮಿಗೆ ಟೈಮೌಟ್ ಮಿತಿ ಏರಿಸ್ತೀವಲ್ಲ, ಅಷ್ಟೇ ವಿಷಯ. ಆಮೇಲೆ ನಿಮ್ಮಮ್ಮ ಸಮುದ್ರ ಕಾಯಿಸಿದ್ರೂ ಬೀಳಲ್ಲ.”

ಮೇಜು ನಕ್ಕಿತ್ತು. ಟೆಸ್ಟರಮ್ಮನೂ ನಕ್ಕಿದ್ದಳು. ಆ ನಗುವನ್ನು ಅವನು ಮೆಚ್ಚುಗೆಯ ಖಾತೆಗೆ ಹಾಕಿಕೊಂಡು ಮನೆಗೆ ಹೋಗಿದ್ದ. ಈಗ, ಮಿತಿಯಿರುವುದು ಕಾಯುವುದಕ್ಕೆ ಎಂಬ ಮಾತು ಕಿವಿಯಲ್ಲಿ ಗುಂಯ್ಗುಡುತ್ತಿರುವಾಗ, ಗೋಡೆಯೊಳಗಿನ ತೆಳ್ಳನೆಯ ತಂತಿ ಕಾದು ಕೆಂಪಗಾಗುವುದೂ, ಬೀಳಬೇಕಾದ ಸ್ವಿಚ್ಚು ಬೀಳದೆ ಜಗಜಟ್ಟಿಯಂತೆ ನಿಂತಿರುವುದೂ, ಒಬ್ಬ ವಯಸ್ಸಾದ ಹೆಂಗಸು ಮೈಗೆಲ್ಲ ಸೋಪು ಹಚ್ಚಿಕೊಂಡು ಕೂಗುತ್ತಿರುವುದೂ ಅವನ ಕಣ್ಣಿಗೆ ಕಟ್ಟಿತು. ಟೆಸ್ಟರಮ್ಮ ಅಂದು ಗ್ರಾಹಕರ ಕಚೇರಿಗೆ ಹೋಗಿದ್ದಳು. ಅಲ್ಲಿ ಬಾಗಿಲಲ್ಲೇ ಫೋನು ಇಸಿದುಕೊಳ್ಳುತ್ತಾರೆ. ಆದರೂ ಅವನು ಮೆಸೇಜು ಕಳಿಸಿದ. ‘ಆ ಸ್ವಿಚ್ಚಿನ ಸಲಹೆ ಮರೆತುಬಿಡಿ, ಅಪಾಯ’ ಎಂದು ಬರೆದು ಅಳಿಸಿದ. ‘ಸ್ವಿಚ್ಚಿನ ವಿಷಯದಲ್ಲಿ ಒಂದು ಸಣ್ಣ ತಿದ್ದುಪಡಿ’ ಎಂದು ಬರೆದು, ಒಂದು ನಗುಮುಖ ಅಂಟಿಸಿ ಕಳಿಸಿದ. ಒಂದೇ ಟಿಕ್ಕು ಬಿತ್ತು, ಮೆಸೇಜು ಅವಳಿಗೆ ತಲುಪಿರಲಿಲ್ಲ. ಕಚೇರಿಯವರೆಲ್ಲ ಇರುವ ಫೋನಿನ ಗುಂಪಿನಲ್ಲಿ ಬರೆದರೆ ಅವಳ ಮನೆಯ ಪಕ್ಕದಲ್ಲಿರುವ ಯಾರಾದರೂ ಓಡಿಹೋಗಬಹುದಿತ್ತು. ಬೆರಳು ಗುಂಪಿನ ಹೆಸರಿನ ಮೇಲೆ ಹೋಗಿ, ಕಾದ ಕಾವಲಿ ಮುಟ್ಟಿದಂತೆ ವಾಪಸು ಬಂತು. ಬೆಂಕಿ ಹತ್ತುವುದೇ ಆಗಿದ್ದರೆ ಈ ಒಂದು ವಾರದಲ್ಲಿ ಹತ್ತುತ್ತಿತ್ತು ಎಂದು ಅವನ ಒಳಗಿನ ಯಾರೋ ವಕೀಲ ವಾದಿಸಿದ. ಆ ವಕೀಲನ ಕಂಠವೂ ಮೇಜಿನ ಬಳಿ ತಾನು ಮಾತಾಡುವ ಕಂಠವೂ ಒಂದೇ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

“ಎಲ್ಲಿಗೋ?” ಎಂದ ಗಿಡ್ಡ, ಅವನು ಎದ್ದು ಬ್ಯಾಗು ಎತ್ತಿಕೊಂಡದ್ದನ್ನು ಕಂಡು.

“ಹಲ್ಲುನೋವು. ಡಾಕ್ಟರ ಹತ್ರ.”

“ಲವಂಗ ಇಟ್ಕೊಂಡ್ರೆ ಡಾಕ್ಟರೇ ನಿನ್ನ ಹತ್ರ ಬರ್ತಾನೆ ಅಂತ ನೀನೇ ಹೇಳಿದ್ದೆ?”

“ಲವಂಗ ಇಟ್ಟಿದ್ದಕ್ಕೇ ನೋವು” ಎಂದುಬಿಟ್ಟ. ಮೇಜು ಮತ್ತೆ ನಕ್ಕಿತು.

ಟೆಸ್ಟರಮ್ಮನ ಮನೆಯಿದ್ದ ಕಟ್ಟಡ ಅವನಿಗೆ ಗೊತ್ತಿತ್ತು, ಒಂದು ಸಂಜೆ ಕಾರಿನಲ್ಲಿ ಬಿಟ್ಟುಬಂದಿದ್ದ. ರಸ್ತೆ ಎಂದಿನಂತೆ ಇತ್ತು. ಔಷಧದ ಅಂಗಡಿ, ಇಸ್ತ್ರಿ ಅಂಗಡಿ, ಬಸ್ಸಿಗೆ ಕಾಯುವವರು. ಹೊಗೆ ಕಾಣುತ್ತದೋ ಎಂದು ಆಕಾಶ ನೋಡಿಕೊಂಡು ನಡೆದು ಒಂದು ನಾಯಿಯ ಬಾಲ ತುಳಿದ. ಅದು ಬೊಗಳಿದ್ದು ಸರಿಯಾಗಿಯೇ ಇತ್ತು. ಹೆಂಡತಿ ನೆನಪಾದಳು. ಅಡುಗೆಮನೆಯ ಸಿಂಕು ಕಟ್ಟಿಕೊಂಡಾಗ ಅವಳು ಪ್ಲಂಬರನ್ನು ಕರೆಸಿ, ಗಂಡನ ಕೈಗೆ ಪೇಪರು ಕೊಟ್ಟು, “ಸ್ವಲ್ಪ ಒಳಗೆ ಕೂತ್ಕೊಳಿ, ಅವರು ಹೋದ ಮೇಲೆ ಕರೀತೀನಿ” ಎಂದು ರೂಮಿನ ಬಾಗಿಲು ಮುಂದೆ ಮಾಡಿದ್ದಳು. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ, ದೊಡ್ಡ ಮನುಷ್ಯರು ಪ್ಲಂಬರುಗಳ ಮುಂದೆ ನಿಲ್ಲಬಾರದು ಎಂಬ ಮರ್ಯಾದೆ. ಮುಚ್ಚಿದ ಬಾಗಿಲ ಹಿಂದೆ ಕೂತು ಪೇಪರಿನ ಒಂದೇ ಸಾಲನ್ನು ಓದುತ್ತ, ಹೊರಗೆ ಪೈಪು ಉಸಿರು ಬಿಟ್ಟ ಸದ್ದು ಕೇಳಿ ತಾನೇ ಸರಿಮಾಡಿದಷ್ಟು ಹಿಗ್ಗಿದ್ದ. ಕಟ್ಟಡದ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವುದು ಹೃದಯಕ್ಕೆ ಅಮೃತ ಎಂದು ಜಗತ್ತಿಗೆ ಸಾರಿದವನ ಹೃದಯ ಎರಡನೇ ಮಹಡಿಯಲ್ಲಿ ಕಿವಿಯೊಳಗೆ ಬಂದು ಡೋಲು ಬಾರಿಸಿತು. ಮೂರನೆಯದರಲ್ಲಿ ಕಂಬಿ ಹಿಡಿದು ನಿಂತ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಪ್ರತಿ ಜೋಡಣೆಯಲ್ಲೂ ತಪ್ಪು ಮಾಡಿದವರು ಬೇರೆ ಯಾರೋ ಆಗುತ್ತಿದ್ದರು.

ಕರೆಗಂಟೆಯ ಸದ್ದು ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲು ಹಾಕಿಕೊಂಡ, ಅರವತ್ತು ದಾಟಿದ ಹೆಂಗಸು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಳೆದುಹೋದ ತಮ್ಮ ಸಿಕ್ಕಿದಂತೆ ಮುಖ ಅರಳಿಸಿದರು.

“ನೀವು ಬಾಣ ಅವರಲ್ವಾ! ಫೋಟೋದಲ್ಲಿ ನೋಡಿದೀನಿ. ಬನ್ನಿ, ಬನ್ನಿ. ಏನು ಹೀಗೆ ಏದುಸಿರು ಬಿಡ್ತಿದೀರಿ? ಹತ್ತುವಾಗ ಮೂಗಲ್ಲೇ ಉಸಿರಾಡಬೇಕು ಅಂತ ನೀವೇ ಹೇಳಿದ್ರಂತೆ?”

“ಅಮ್ಮಾ, ಗೀಸರು...”

“ಮೊದಲು ಕೂತ್ಕೊಳಿ. ಆ ಕುರ್ಚಿ ಬೇಡ, ಇದು. ಇದು ನಿಮ್ಮ ಕುರ್ಚಿ.”

ಅವನ ಕುರ್ಚಿಯೇ ಅದು. ಒಂದು ಕಾಲು ಅಲುಗಾಡುತ್ತಿದ್ದ ಕುರ್ಚಿಗೆ ಬೆಂಕಿಕಡ್ಡಿಗಳನ್ನು ಅಂಟಿನಲ್ಲಿ ಅದ್ದಿ ಸಂದಿಗೆ ಬಡಿಯಬೇಕು ಎಂದು ಅವನು ಯಾವತ್ತೋ ಮೇಜಿನಲ್ಲಿ ಹೇಳಿದ್ದ. ಕೂತ. ಕುರ್ಚಿ ಮೇರುಪರ್ವತದಂತೆ ನಿಂತಿತ್ತು. ಅಮ್ಮ ಎದುರಿಗೆ ಕೂರದೆ, ಬೇಸಿನ್ನಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಿ, ಕೈ ಸೊಂಟಕ್ಕಿಟ್ಟುಕೊಂಡು “ನೋಡಿ, ಒಂದು ಹನಿ?” ಎಂದರು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಒಳಗೆ ಹಾಕಿಸಿದ್ದರಂತೆ, ಅವನು ಹೇಳಿದ ಹಾಗೆ. ಕ್ಯಾಲೆಂಡರಿನ ಹಿಂದಿನ ಗೋಡೆಯ ತೂತಿಗೆ ಟೂತ್‌ಪೇಸ್ಟು. ಫ್ರಿಜ್ಜಿನ ಬಾಗಿಲಿನ ರಬ್ಬರಿಗೆ ವ್ಯಾಸಲೀನು. ಬೀಗದೊಳಗೆ ಪೆನ್ಸಿಲಿನ ಪುಡಿ. ಸುತ್ತ ನೋಡಿದ. ಅವನ ಬಾಯಿಂದ ಹೊರಟು, ಗಾಳಿಯಲ್ಲಿ ಸತ್ತುಹೋದವು ಎಂದು ಅವನೇ ಮರೆತಿದ್ದ ಮಾತುಗಳೆಲ್ಲ ಈ ಎರಡು ಕೋಣೆಯ ಮನೆಯಲ್ಲಿ ಮರ, ರಬ್ಬರು, ಕಬ್ಬಿಣವಾಗಿ ಸಂಸಾರ ಹೂಡಿದ್ದವು.

“ಮಗಳು ದಿನಾ ಸಂಜೆ ಬಂದು ನಿಮ್ಮ ಥರಾನೇ ಮಾತಾಡಿ ತೋರಿಸ್ತಾಳೆ. ನೀವು ಕೈ ತಿರುಗಿಸೋದು, ‘ಅದೇ ಮತ್ತೆ!’ ಅನ್ನೋದು, ಎಲ್ಲ. ನಕ್ಕು ನಕ್ಕು ಉರುಳಾಡ್ತಾಳೆ. ಅವಳ ಕಚೇರೀಲಿ ಎಲ್ಲರೂ ನಗ್ತಾರಂತಲ್ಲ? ನಂಗೆ ನಗು ಬರಲ್ಲಪ್ಪ. ನಾನು ಕೇಳಿ ಇಟ್ಕೊಳ್ತೀನಿ, ಅವಳು ಆ ಕಡೆ ಹೋದ ಮೇಲೆ ಮಾಡ್ತೀನಿ.”

“ಎಲ್ಲರೂ ನಗ್ತಾರಾ?”

“ನೀವು ಹೇಳಿದ್ದನ್ನ ಯಾರೂ ಮಾಡಲ್ವಂತೆ. ಕೇಳೋಕೆ ಮಜಾ ಅಂತ ಕೇಳ್ತಾರಂತೆ. ಮೂರ್ಖರು” ಎಂದರು ಅಮ್ಮ, ಅವನ ಪರವಾಗಿ ಸಿಟ್ಟಾಗಿ. “ಕಂಪ್ಯೂಟರಿನ ಸಲಹೆ ನಂಗೆ ಅರ್ಥ ಆಗಲ್ಲ. ಆದ್ರೂ ಒಂದು ಹಿಡ್ಕೊಂಡೆ. ಏನನ್ನೇ ಆಗಲಿ ಮುಟ್ಟೋ ಮುಂಚೆ ಅದರದ್ದೊಂದು ಪ್ರತಿ ಮಾಡಿ ಬೇರೆ ಕಡೆ ಇಡು ಅಂದ್ರಂತಲ್ಲ? ಅದಕ್ಕೇ ಮನೆ ಕೀ ಇನ್ನೊಂದು ಮಾಡ್ಸಿ ತಂಗಿ ಮನೇಲಿಟ್ಟೆ. ಕನ್ನಡಕಾನೂ ಇನ್ನೊಂದು.”

ಮೇಜಿನ ನಗುವೆಲ್ಲ ಮಗ್ಗುಲು ತಿರುಗಿ ತನ್ನ ಇನ್ನೊಂದು ಮುಖ ತೋರಿಸಿತು. ಗಿಡ್ಡನ ಬಿಸ್ಕತ್ತಿನ ಬಾಯಿ, ‘ಬಾಣ ಸರ್’ ಎಂಬಲ್ಲಿ ‘ಸರ್’ ತುಸು ಉದ್ದವಾಗುತ್ತಿದ್ದುದು, ತಾನು ಬರುವುದನ್ನು ದೂರದಿಂದಲೇ ಕಂಡು ಯಾರಾದರೊಬ್ಬರು ಮೊಣಕೈ ತಿವಿಯುತ್ತಿದ್ದುದು. ಅವಮಾನ ಆಗಬೇಕಿತ್ತು, ಆಯಿತು ಕೂಡ, ಆದರೆ ಯಾವುದೋ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ. ಯಾಕೆಂದರೆ ಅವನು ಕೂತಿದ್ದ ಕುರ್ಚಿ ಅಲುಗಾಡುತ್ತಿರಲಿಲ್ಲ. ನಲ್ಲಿ ಸೋರುತ್ತಿರಲಿಲ್ಲ. ಲೋಕದಲ್ಲಿ ಒಂದು ಮನೆ ಅವನ ಮಾತಿನ ಮೇಲೆ ನಿಂತಿತ್ತು, ಚೆನ್ನಾಗಿಯೇ ನಿಂತಿತ್ತು. ಬಂದ ಕೆಲಸ ಕೆಲವು ಕ್ಷಣ ಪೂರ್ತಿ ಮರೆತುಹೋಯಿತು. ಅಡುಗೆಮನೆಯನ್ನೂ ತೋರಿಸಿ ಎಂದು ಕೇಳುವ ಆಸೆ ತುಟಿಯವರೆಗೆ ಬಂತು.

“ನಿಮ್ಮ ದೊಡ್ಡ ಸ್ವಿಚ್ಚಂತೂ!” ಎಂದರು ಅಮ್ಮ. “ಮಗಳು ಬೇಡವೇ ಬೇಡ ಅಂದ್ಲು. ನಾನು ಕೇಳ್ತೀನಾ? ಕೆಳಗಿನ ಮನೆಯವರ ಅಳಿಯನ ಕೈಲಿ ಹಾಕಿಸ್ಬಿಟ್ಟೆ. ಅವಳಿಗಿನ್ನೂ ಗೊತ್ತಿಲ್ಲ. ಸೋಪು ಹಚ್ಕೊಂಡು ಕೂಗೋ ಕಾಲ ಹೋಯ್ತು. ಈಗಲೂ ಗೀಸರು ಹಾಕಿದೀನಿ ನೋಡಿ, ಸ್ನಾನಕ್ಕೆ ಹೊರಟಿದ್ದೆ, ನೀವು ಬಂದ್ರಿ. ಒಂಥರಾ ವಾಸನೆ ಬರುತ್ತೆ, ಹೊಸದಲ್ವಾ.”

ವಾಸನೆ ಅವನು ಒಳಗೆ ಬಂದಾಗಿನಿಂದಲೂ ಇತ್ತು. ಅದನ್ನು ಅವನ ಮೂಗು ಕಂಡಿತ್ತು, ಅವನು ಕಂಡಿರಲಿಲ್ಲ. ಎದ್ದು ಪ್ಯಾಸೇಜಿಗೆ ಹೋದ. ಬೋರ್ಡು ಅವನು ಕಲ್ಪಿಸಿಕೊಂಡಿದ್ದಕ್ಕಿಂತ ಸಣ್ಣದಿತ್ತು. ಅದರ ನಡುವೆ ಹೊಸ ಸ್ವಿಚ್ಚು ಮದುಮಗನ ಹಾಗೆ ಬೆಳ್ಳಗೆ, ಎದೆ ಸೆಟೆಸಿ ನಿಂತಿತ್ತು. ಪಕ್ಕದ ಗೋಡೆಗೆ ಅಂಗೈ ಇಟ್ಟ. ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಸ್ವಿಚ್ಚು ಇಳಿಸಿದ. ಟಕ್ ಎಂದ ಸದ್ದಿಗೆ, ಅವನ ಇಡೀ ಜೀವಮಾನದಲ್ಲಿ ತಾನೇ ಕೈಯಿಟ್ಟು ಸರಿಮಾಡಿದ ಮೊದಲ ಕೆಲಸ ಅದು ಎಂಬ ಯೋಚನೆ ಬಂದು, ಆ ಯೋಚನೆಗೆ ನಾಚಿಕೆಯಾಯಿತು. ಅಮ್ಮ ಹಿಂದೆ ನಿಂತಿದ್ದರು.

“ಯಾಕೆ, ಏನಾಯ್ತು?”

ಉತ್ತರ, ಎಂದಿನಂತೆ, ಪ್ರಶ್ನೆಗಿಂತ ಮೊದಲೇ ಬಂದು ನಿಂತಿತ್ತು. “ಈ ಕಂಪನಿ ಸ್ವಿಚ್ಚು ಸರಿ ಇಲ್ಲಮ್ಮ. ಬಿಸಿ ಆಗ್ತಿದೆ. ತೆಗೆಸ್ಬಿಡಿ. ತೆಗೆಸೋವರೆಗೂ ಗೀಸರು ಹಾಕ್ಬೇಡಿ.” ಎಷ್ಟು ಸಲೀಸು. ಮನೆ ಉಳಿಯಿತು, ಅಮ್ಮ ಉಳಿದರು, ಅವನೂ ಉಳಿದ. ಒಳಗಿನ ವಕೀಲ ಕೋಟು ಕೊಡವಿಕೊಂಡು ಕೂತ.

“ಅಯ್ಯೋ, ಅಷ್ಟೇನಾ? ಆ ಹುಡುಗನಿಗೆ ಹೇಳ್ತೀನಿ, ಒಳ್ಳೆ ಕಂಪನಿದು ತರಲಿ. ಇದಕ್ಕಿಂತ ದೊಡ್ಡದಿದ್ರೆ ಅದನ್ನೇ ಹಾಕಿಸ್ಲಾ? ನನ್ನ ತಂಗಿ ಮನೇಲೂ ಇದೇ ತೊಂದರೆ. ಅವಳಿಗೂ ಹೇಳಿದೀನಿ, ಇವತ್ತು ಹಾಕಿಸ್ತಾಳೆ. ಅವಳ ಮನೇಲಿ ಮೊಮ್ಮಕ್ಕಳು ಬೇರೆ ಇದಾವೆ, ದಿನಪೂರ್ತಿ ಬಿಸಿನೀರು ಬೇಕು. ತಡೀರಿ, ಯಾವ ಕಂಪನಿದು ಅಂತ ನೀವೇ ಅವಳಿಗೆ ಹೇಳ್ಬಿಡಿ.”

ಅವರು ಆಗಲೇ ಫೋನು ಎತ್ತಿಕೊಂಡಿದ್ದರು. ಅತ್ತ ಗಂಟೆ ಹೊಡೆಯುತ್ತಿತ್ತು. ಒಂದು ಸುಳ್ಳಿನ ಮಿತಿಯನ್ನು ಏರಿಸಬಹುದಿತ್ತು, ಇನ್ನೊಂದಿಷ್ಟು, ಮತ್ತೊಂದಿಷ್ಟು. ಯಾವ ಕಂಪನಿಯ ಹೆಸರು ಹೇಳಲಿ ಎಂದು ನಾಲಿಗೆ ನಿಜವಾಗಿಯೂ ಒಮ್ಮೆ ಹುಡುಕಿತು. ತನಗೆ ಪರಿಚಯವೇ ಇಲ್ಲದ ಆ ಮೊಮ್ಮಕ್ಕಳು ಬಚ್ಚಲಿನಲ್ಲಿ ನೀರೆರಚಿಕೊಳ್ಳುವ ಸದ್ದು ಅವನಿಗೆ ಕೇಳಿಸಿತು.

“ಅಮ್ಮಾ, ಕಂಪನಿ ಸರಿಯಾಗೇ ಇದೆ. ನಾನು ಹೇಳಿದ್ದೇ ತಪ್ಪು.”

“ಏನು?”

“ದೊಡ್ಡದು ಹಾಕ್ಬಾರ್ದು. ಬೆಂಕಿ ಹತ್ಕೊಳ್ಳುತ್ತೆ. ಚಿಕ್ಕದು ಬೀಳ್ತಿದ್ದಿದ್ದೇ ಸರಿ. ನಂಗೆ ಇದರ ಬಗ್ಗೆ ಏನೂ ಗೊತ್ತಿಲ್ಲ. ಸುಮ್ನೆ ಹೇಳ್ಬಿಟ್ಟೆ.”

ಫೋನಿನಲ್ಲಿ ಒಂದು ಹೆಂಗಸಿನ ದನಿ “ಅಕ್ಕಾ? ಅಕ್ಕಾ?” ಎನ್ನುತ್ತಿತ್ತು. ಅಮ್ಮ ಅವನ ಮುಖವನ್ನು ನೋಡುತ್ತಲೇ ಅದನ್ನು ಕಿವಿಗಿಟ್ಟುಕೊಂಡರು. “ನಾನೇ ಕಣೆ. ಆ ಸ್ವಿಚ್ಚು ಹಾಕಿಸ್ಬೇಡ. ಹೂಂ, ಅವರೇ ಬಂದಿದಾರೆ. ಇಲ್ಲ, ಅವರಿಗೂ ಗೊತ್ತಿಲ್ವಂತೆ. ಅದೇ ಕಣೆ, ಸುಮ್ನೆ ಹೇಳಿದ್ದಂತೆ. ಆಮೇಲೆ ಮಾಡ್ತೀನಿ.” ಇಷ್ಟು ಹೇಳಿ ಇಟ್ಟರು. ದನಿಯಲ್ಲಿ ಕೋಪವಿರಲಿಲ್ಲ. ಗಿರಾಕಿಗೆ ಅಂಗಡಿಯಲ್ಲಿ ಸರಕು ಇಲ್ಲ ಎಂದು ತಿಳಿಸುವ ದನಿ. ಅವನು ಬೈಗುಳಕ್ಕೆ ಕಾದ. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು, ಬಿದ್ದಿದ್ದರೆ ಅದೊಂದು ಕಥೆಯಾಗುತ್ತಿತ್ತು. ಅಮ್ಮ ಬೈಯಲಿಲ್ಲ. ತಮ್ಮ ಮನೆಯನ್ನು ಬಾಡಿಗೆಗೆ ನೋಡಲು ಬಂದವರಂತೆ ನಿಧಾನವಾಗಿ ಸುತ್ತ ಕಣ್ಣಾಡಿಸಿದರು.

“ಆ ಕುರ್ಚಿ?”

“ಯಾವುದೋ ವೀಡಿಯೊದಲ್ಲಿ ನೋಡಿದ್ದೆ.”

“ನೀವು ಮಾಡಿದ್ರಾ?”

“ಇಲ್ಲ.”

“ನಲ್ಲಿ?”

“ಅದು... ಯಾರೋ ಹೇಳಿದ್ದು.”

“ಗೋಡೆ ತೂತು?”

“ಗೊತ್ತಿಲ್ಲಮ್ಮ.”

“ಫ್ರಿಜ್ಜು?”

ಅವನು ತಲೆಯಾಡಿಸಿದ. ಒಂದೊಂದಕ್ಕೂ ಇಲ್ಲ ಎನ್ನುತ್ತ ಹೋದಂತೆ ವಿಚಿತ್ರವಾದೊಂದು ಹಗುರತನ ಬರುತ್ತಿತ್ತು. ಆ ಹಗುರತನದಲ್ಲೂ ತಾನು ಎಷ್ಟು ಪ್ರಾಮಾಣಿಕ ಎಂದು ಕೇಳಿಸಿಕೊಳ್ಳುವ ಕಿವಿಯೊಂದು ಒಳಗೆ ನೆಟ್ಟಗೆ ನಿಂತಿತ್ತು. ಅಮ್ಮ ಬಾಣನ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಅಲುಗಿಸಿ ನೋಡಿದರು. ಅಲುಗಲಿಲ್ಲ. ಆದರೂ ಅದರ ಮೇಲೆ ಕೂರದೆ ಪಕ್ಕದ ಇನ್ನೊಂದರ ಮೇಲೆ ಕೂತರು.

“ಮಂಡಿನೋವಿಗೆ ಬಸ್ಕಿ ಹೊಡೀಬೇಕು ಅಂದ್ರಲ್ಲ?” ಎಂದರು. “ಗೋಡೆಗೆ ಬೆನ್ನು ಕೊಟ್ಟು, ಅರ್ಧಕ್ಕೆ ನಿಲ್ಲಿಸಿ. ದಿನಾ ಮಾಡ್ತಿದೀನಿ. ಮೆಟ್ಟಿಲು ಇಳಿಯೋಕೆ ಅಳ್ತಿದ್ದೋಳು ಈಗ ತರಕಾರಿಗೆ ನಾನೇ ಹೋಗಿಬರ್ತೀನಿ. ಅದೂ ಸುಮ್ನೆ ಹೇಳಿದ್ದಾ?”

ಅವನಿಗೆ ನೆನಪಾಗಲಿಲ್ಲ. ನಿಜವಾಗಿಯೂ ನೆನಪಾಗಲಿಲ್ಲ. ಬಸ್ಕಿಯ ಮಾತು ಯಾವತ್ತು ಹೇಳಿದ್ದು, ಯಾರಿಗೆ, ಎಲ್ಲಿ ಓದಿ. ಸರಿಯಾದದ್ದೇ ಇರಬಹುದು. ಹೌದು ಎಂದರೆ ಅದಕ್ಕೂ ಅವನ ಬಳಿ ಪುರಾವೆಯಿರಲಿಲ್ಲ, ಇಲ್ಲ ಎಂದರೆ ಅದಕ್ಕೂ ಇರಲಿಲ್ಲ. “ಡಾಕ್ಟರನ್ನ ಒಂದ್ಸಲ ಕೇಳಿ” ಎಂದ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

“ನೋವು ಹೋಗಿದ್ದಂತೂ ನಿಜ” ಎಂದರು ಅಮ್ಮ, ಅವನಿಗಲ್ಲ, ತಮ್ಮ ಮಂಡಿಗೆ. ಅದರ ಮೇಲೆ ಕೈಯಿಟ್ಟು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳುವವರಂತೆ ಮೆಲ್ಲಗೆ ಒತ್ತಿದರು. ಮತ್ತೊಮ್ಮೆ ಒತ್ತಿದರು.

ಅವನು ಹೊರಡುತ್ತೇನೆ ಎಂದು ಎದ್ದ. ಅಮ್ಮನೂ ಎದ್ದರು. ಎದ್ದವರು ಒಂದು ಕೈಯನ್ನು ಕುರ್ಚಿಯ ಮೇಲೂ, ಆಮೇಲೆ ಗೋಡೆಯ ಮೇಲೂ ಇಟ್ಟು, ಹೆಜ್ಜೆಗೊಮ್ಮೆ ನೆಲವನ್ನು ನಂಬಬಹುದೇ ಎಂದು ನೋಡಿಕೊಂಡು ಬಾಗಿಲವರೆಗೆ ಬಂದರು. ಹಾಗಲ್ಲಮ್ಮ, ಹಿಮ್ಮಡಿ ಮೊದಲು ಊರಬೇಕು, ಭಾರ ಎಡಕ್ಕೆ ಹಾಕಿ, ಎಂಬ ಸಲಹೆ ಅವನ ಗಂಟಲಿಗೆ ಏರಿ, ಕೈ ತಾನಾಗಿಯೇ ಮೇಲೆದ್ದಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮೆಟ್ಟಿಲಿಳಿದ.